ಸಾಕು ಅನ್ನದ ಮನೆ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಆಸೀನರಾಗಿರುವ ಸಭಾಧ್ಯಕ್ಷರಾದ ಲಕ್ಷ್ಮೀನರಸಿಂಹಯ್ಯನವರೇ, ಮಕ್ಕಳ ರಕ್ಷಣೆಯ ಕೆಲಸಕ್ಕಾಗಿ ಈ ಜಿಲ್ಲೆಯ ತುಂಬ ಚಪ್ಪಲಿ ಸವೆಸಿರುವ ಸುಧಾ ಮೇಡಂ ಅವರೇ, ನನ್ನಂತೆಯೇ ಶಾಲು ಹೊದಿಸಿಕೊಂಡು ಬೆವರುತ್ತಿರುವ ಸಾಕು ತಂದೆ ತಾಯಿಯರೇ, ಹಿಂದಿನ ಬಾಗಿಲಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಹನಾಮೂರ್ತಿಗಳಾದ ಸಭಿಕರೇ, ಹಾಗೂ ಮೊದಲ ಸಾಲಿನಲ್ಲಿ ಕುಳಿತು ಕಾಲು ಆಡಿಸುತ್ತಿರುವ ನಮ್ಮ ಸಂಧ್ಯಾ ಅವರೇ, ತಮಗೆಲ್ಲರಿಗೂ ಈ ಅಂಜನ್‌ಕುಮಾರನ ವಂದನೆಗಳು.

ನನ್ನನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ತುಮಕೂರಿನಲ್ಲಿ, ನನ್ನ ಹುಟ್ಟೂರು ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ ಎಲ್ಲೇ ಸಭೆ ನಡೆಯಲಿ, ನಿರೂಪಣೆ ನನ್ನದೇ. ಇಲ್ಲಿ ಕುಳಿತಿರುವ ಅರ್ಧ ಜನರ ಆರತಕ್ಷತೆಯಲ್ಲಿ "ಬಂಧುಗಳು ದಯವಿಟ್ಟು ಸಾಲಾಗಿ ಬನ್ನಿ" ಎಂದು ಗಂಟಲು ಹರಿದುಕೊಂಡವನು ನಾನೇ. ಇಷ್ಟು ವರ್ಷ ವೇದಿಕೆಯ ಮೂಲೆಯಲ್ಲಿ ನಿಂತು ಬೇರೆಯವರನ್ನು ಕರೆದವನನ್ನು ಇಂದು ನೀವು ನಡುವಿಗೆ ಕರೆದಿದ್ದೀರಿ. ಇಂದಿನ ನಿರೂಪಕ ನಾಗೇಶ್ ನನ್ನ ಶಿಷ್ಯ. ಭಾಷಣ ಉದ್ದವಾದರೆ ಮೊದಲು ನಗಬೇಕು, ಆಮೇಲೆ ಪಕ್ಕಕ್ಕೆ ಬಂದು ನಿಲ್ಲಬೇಕು, ಅದಕ್ಕೂ ಜಗ್ಗದಿದ್ದರೆ ಮೈಕಿಗೆ ಕೈ ಹಾಕಬೇಕು ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ನೋಡಿ, ಈಗಲೇ ನಗುತ್ತಿದ್ದಾನೆ. ನಗೋ ನಾಗೇಶ, ನಗು.

ಸಭಿಕರೇ, ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗದ ಒಂದು ಕಾರ್ಯಕ್ರಮ ಇಂದು ಇದೆ. ನನ್ನ ಮಾತು ಮುಗಿದರೆ ಊಟ. ಊಟ ಮುಗಿದರೆ, ನಮ್ಮ ಮನೆಯಲ್ಲಿ ಬೆಳೆದ ಸಂಧ್ಯಾ ತನ್ನ ಚಿಕ್ಕಮ್ಮ ಪ್ರಮೀಳಾಳ ಜೊತೆ ಕುಣಿಗಲ್ ಬಸ್ಸು ಹತ್ತುತ್ತಾಳೆ. ಅಲ್ಲಿಂದ ಕೊತ್ತಗೆರೆ. ಇನ್ನು ಮುಂದೆ ಅವಳ ಮನೆ ಅದೇ. ಇದು ಸಂತೋಷದ ವಿಷಯ. ನಮಗೆ ಬೇಸರವೇನೂ ಇಲ್ಲ. ಈ ವಿಷಯಕ್ಕೂ ನನ್ನ ಭಾಷಣದ ಉದ್ದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಮೊದಲೇ ಸ್ಪಷ್ಟಪಡಿಸುತ್ತೇನೆ.

"ಸಾಕು ಮಕ್ಕಳ ಯೋಗಕ್ಷೇಮ ಹೇಗೆ ನೋಡ್ಕೋಬೇಕು ಅಂತ ನಾಲ್ಕು ಮಾತು ಹೇಳಿ ಸರ್" ಎಂದಿದ್ದಾರೆ ಸುಧಾ ಮೇಡಂ. ನಾಲ್ಕು ಮಾತು! ಮೇಡಂ, ನನ್ನನ್ನು ನೀವು ಇಷ್ಟು ದಿನದಿಂದ ಬಲ್ಲಿರಿ. ನಾಲ್ಕು ಮಾತು ಹೇಳಲು ನಾನು ಯಾವತ್ತಾದರೂ ಮೈಕು ಹಿಡಿದಿದ್ದೇನೆಯೇ?

ನಾವು ಈ ಕೆಲಸಕ್ಕೆ ಬಂದದ್ದೇ ನನ್ನ ಬಾಯಿಯಿಂದ. ಇದೇ ಸಭಾಂಗಣದಲ್ಲಿ ಸುಧಾ ಮೇಡಂ ಅವರದ್ದೊಂದು ಜಾಗೃತಿ ಕಾರ್ಯಕ್ರಮವಿತ್ತು. ನಿರೂಪಣೆ ನನ್ನದು. "ತಾಯಿ ಇಲ್ಲದ ಮಗು ನಿಮ್ಮ ಬಾಗಿಲಲ್ಲಿ ನಿಂತಿದೆ. ಒಂದು ತುತ್ತು, ಒಂದು ಚಾಪೆ, ಒಂದು ಒಳ್ಳೆಯ ಮಾತು. ಯಾರು ಕೊಡುತ್ತೀರಿ? ಯಾರಿದ್ದೀರಿ?" ಎಂದು ಧ್ವನಿ ನಡುಗಿಸಿ ಕೇಳಿದೆ. ಧ್ವನಿ ನಡುಗಿಸುವುದು ನನ್ನ ವೃತ್ತಿ. ಯಾರೂ ಮಿಸುಕಲಿಲ್ಲ. ಕೊನೆಯ ಸಾಲಿನಲ್ಲಿ ಒಂದೇ ಒಂದು ಕೈ ಮೇಲೆದ್ದಿತು. ಕನ್ನಡಕ ಸರಿಮಾಡಿಕೊಂಡು ನೋಡುತ್ತೇನೆ, ನನ್ನ ಹೆಂಡತಿ ದಾಕ್ಷಾಯಣಿ!

ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟುವ ಸಂದರ್ಭ ಬರಲಿಲ್ಲ. ಊರವರ ಮಕ್ಕಳ ನಾಮಕರಣಗಳಲ್ಲಿ "ತಾಯಿ ಮಗು ನೂರು ಕಾಲ ಬಾಳಲಿ" ಎಂದು ಕೂಗಿ ಬಂದು, ಮನೆಯಲ್ಲಿ ಗಂಟಲಿಗೆ ಬಿಸಿನೀರು ಕೇಳುತ್ತಿದ್ದೆ. ಅವಳು ಕೊಡುತ್ತಿದ್ದಳು. ಮಗುವಿಗೆ ಏನು ಹೆಸರಿಟ್ಟರು ಎಂದು ಒಂದು ದಿನವೂ ಕೇಳಲಿಲ್ಲ. ಅದು ಹೋಗಲಿ, ಇಂದಿನ ವಿಷಯ ಅದಲ್ಲ.

ಸುಧಾ ಮೇಡಂ ಮರಳೂರಿನ ನಮ್ಮ ಮನೆಗೆ ಬಂದು ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು, ನೆರೆಹೊರೆಯವರನ್ನು ವಿಚಾರಿಸಿದರು. "ಒಳ್ಳೆಯವರೇ, ಆದ್ರೆ ಮಾತು ಜಾಸ್ತಿ" ಎಂದು ಬೀದಿಯೇ ಒಕ್ಕೊರಲಿನಿಂದ ಹೇಳಿತಂತೆ. ಕೊನೆಗೆ ಸಂಧ್ಯಾಳನ್ನು ಕರೆತಂದರು. ಎರಡು ಜಡೆ, ಹೆಗಲಿಗೊಂದು ನೀಲಿ ಬ್ಯಾಗು, ಬಾಯಿಗೆ ಬೀಗ. "ಸರ್, ಇದು ದತ್ತು ಅಲ್ಲ. ಇವಳ ಕಡೆಯವರು ನೋಡ್ಕೊಳ್ಳೋ ಹಾಗೆ ಆಗೋ ತನಕ ಮಾತ್ರ" ಎಂದರು ಮೇಡಂ. "ಗೊತ್ತು ಮೇಡಂ, ಗೊತ್ತು" ಎಂದೆ. ಗೊತ್ತಿತ್ತು. ಗೊತ್ತಿರುವುದರಿಂದ ಏನು ಪ್ರಯೋಜನ ಎಂದು ಆಗ ಗೊತ್ತಿರಲಿಲ್ಲ.

ಮೊದಲ ದಿನ ನನ್ನ ಅತ್ತೆ ದೊಡ್ಡಗಂಗಮ್ಮನವರು ಮಗುವನ್ನು ನೋಡಲೆಂದೇ ನಿಟ್ಟೂರಿನಿಂದ ಬಂದಿದ್ದರು, ಆಮೇಲೆ ನಮ್ಮಲ್ಲೇ ಉಳಿದರು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ? ಉಣ್ಣುವವರು ಕೈ ಅಡ್ಡ ಹಿಡಿದು "ಸಾಕು ಸಾಕು" ಎಂದು ಕೂಗುವ ತನಕ ಬಡಿಸುವವರು ನಿಲ್ಲಿಸುವಂತಿಲ್ಲ. ದಾಕ್ಷಾಯಣಿ ಒಂದು ಮುದ್ದೆ ಇಟ್ಟಳು. ಮಗು ಸದ್ದಿಲ್ಲದೆ ಉಂಡಿತು. ಇನ್ನೊಂದು ಇಟ್ಟಳು. ಅದನ್ನೂ ಉಂಡಿತು. "ಉಣ್ಣೋ ಕೂಸು ಕಣೇ! ಇಕ್ಕು ಇಕ್ಕು, ಕೈ ಬಿಗಿ ಮಾಡ್ಬ್ಯಾಡ" ಎಂದರು ಅತ್ತೆ. ಮೇಲೆ ಅನ್ನ ಸಾರು, ಅದರ ಮೇಲೆ ಮಜ್ಜಿಗೆ. ಮಗು ಬೇಡ ಎನ್ನಲಿಲ್ಲ, ಸಾಕು ಎನ್ನಲಿಲ್ಲ. ನಮಗೆ ಹಿಗ್ಗೋ ಹಿಗ್ಗು. ಸ್ವಲ್ಪ ಹೊತ್ತಿಗೆಲ್ಲ ಮಗು ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟಿತು. ಹೊತ್ತುಕೊಂಡು ಓಡಿದೆವು. "ಏನ್ರೀ ಇದು, ಈ ಹೊಟ್ಟೆ ಏನು, ನೀವು ಹಾಕಿರೋ ಮುದ್ದೆ ಏನು?" ಎಂದು ಡಾಕ್ಟರು ಗದರಿದರು. "ಅವಳು ಸಾಕು ಅನ್ನಲೇ ಇಲ್ಲ ಡಾಕ್ಟ್ರೇ" ಎಂದೆ. ಆ ಪದ ಕಿವಿಗೆ ಬಿದ್ದದ್ದೇ ತಡ, ಮಲಗಿದ್ದ ಮಗು ಎದ್ದು ಕುಳಿತು ಬಾಗಿಲ ಕಡೆ ನೋಡಿತು.

ಯಾಕೆಂದು ಸುಧಾ ಮೇಡಂ ಹೇಳಿದರು. ಇದಕ್ಕೆ ಮುಂಚೆ ಸಂಧ್ಯಾ ಬೇರೊಂದು ಮನೆಯಲ್ಲಿದ್ದಳು. ಆ ಮನೆಯವರಿಗೆ ಏನು ಕಷ್ಟವಿತ್ತೋ, ನಾನು ಅವರನ್ನು ದೂರುವುದಿಲ್ಲ. "ಸಾಕು ಮೇಡಂ, ಇನ್ನು ಸಾಕು, ಕರ್ಕೊಂಡ್ ಹೋಗಿ" ಎಂದು ಆ ಮನೆಯಾಕೆ ಫೋನು ಮಾಡಿದ್ದು ಸುಧಾ ಮೇಡಂಗೇ. ಮಗು ಪಕ್ಕದಲ್ಲೇ ನಿಂತಿತ್ತಂತೆ. ಮಾರನೆಯ ದಿನ ಗಾಡಿ ಬಂತು, ಮಗು ಮತ್ತೆ ಬಾಲಮಂದಿರಕ್ಕೆ ಹೋಯಿತು. ಆ ಪುಟ್ಟ ತಲೆ ಲೆಕ್ಕ ಹಾಕಿತು: ಸಾಕು ಎಂದರೆ ಗಾಡಿ ಬರುತ್ತದೆ. ಇನ್ನೊಬ್ಬರು ಅಂದರೂ ಬರುತ್ತದೆ, ತಾನು ಅಂದರೂ ಬರುತ್ತದೆ. ಅದಕ್ಕೇ ಹೊಟ್ಟೆ ಒಡೆದರೂ ಅನ್ನಲಿಲ್ಲ.

ಈಗ ನನ್ನ ಪಾಡು ಕೇಳಿ. ಅವಳು ಬಂದ ಸಂಭ್ರಮದಲ್ಲಿ ನಾನು ಬೀದಿಯವರನ್ನೆಲ್ಲ ನಿಲ್ಲಿಸಿ, ಆರತಕ್ಷತೆಯ ಧ್ವನಿಯಲ್ಲಿ, "ಇವಳು ನಮ್ಮ ಸಾಕು ಮಗಳು! ಸಾಕು ಮಗಳು!" ಎಂದು ಸಾರಿಕೊಂಡು ಬಂದಿದ್ದೆ. ಹೇಳಿ, ನಮ್ಮ ಈ ಸುಂದರ ಕನ್ನಡದಲ್ಲಿ ಎದೆಗೆ ಹಾಕಿಕೊಂಡು ಸಲಹುವುದಕ್ಕೂ ಸಾಕು, ಇನ್ನು ನಡೆ ಎನ್ನುವುದಕ್ಕೂ ಸಾಕು! ಬೇರೆ ಪದವೇ ಸಿಗಲಿಲ್ಲವೇ ನಮ್ಮ ಹಿರಿಯರಿಗೆ? ಅಧ್ಯಕ್ಷರು ಮೇಲೆ ನೋಡುತ್ತಿದ್ದಾರೆ. ಹೌದು ಸಾರ್, ಬ್ಯಾನರಿನಲ್ಲೂ ಅದೇ ಪದ ಇದೆ. ಅಲ್ಲಿ ಮುದ್ರಕರು ದೊಡ್ಡ ಅಕ್ಷರದ 'ಸಾಕು' ಒಂದು ಸಾಲಿಗೂ 'ತಂದೆ ತಾಯಿಯರು' ಇನ್ನೊಂದು ಸಾಲಿಗೂ ಹಾಕಿ, ನಮ್ಮನ್ನೆಲ್ಲ ಮನೆಗೆ ಕಳಿಸುತ್ತಿರುವಂತೆ ಮಾಡಿದ್ದಾರೆ.

ಅಂದೇ ನಮ್ಮ ಮನೆಯಲ್ಲಿ ಕಾನೂನು ಜಾರಿಯಾಯಿತು. ಈ ಹೊಸಿಲೊಳಗೆ ಯಾರೂ ಆ ಪದ ಎತ್ತಕೂಡದು. ಅತ್ತೆಯವರು ಕೆರಳಿದರು. "ಅಲ್ಲ ಅಳಿಮಯ್ಯ, ಆ ಮಾತು ಆಡ್ದೆ ಬದುಕೋದು ಹೆಂಗೆ? ಹುಟ್ಟಿದಾಗ್ಲಿಂದ ಅಂತಾ ಇವ್ನಿ!" ಪಾಪ, ಹಸು ಸಾಕಿದ್ದೆ ಎನ್ನುವಂತಿಲ್ಲ, ಹಸು ಇಟ್ಕೊಂಡಿದ್ದೆ ಎನ್ನಬೇಕು. ಕಾಫಿ ಲೋಟ ತುಂಬಿ ನೆಲದ ಮೇಲೆ ಹರಿದರೂ "ತುಂಬ್ತು, ತುಂಬ್ತು" ಎಂದು ಕುಣಿಯಬೇಕು. ಶಾಲೆಯಲ್ಲಿ 'ಸಾಕುಪ್ರಾಣಿಗಳು' ಎಂಬ ಪಾಠ ಬಂತು. ನಾನು ಮೊದಲೆರಡು ಅಕ್ಷರದ ಮೇಲೆ ಹೆಬ್ಬೆರಳಿಟ್ಟು "ನಾಯಿ ಒಂದು ಪ್ರಾಣಿ, ಬೆಕ್ಕು ಒಂದು ಪ್ರಾಣಿ" ಎಂದು ಓದಿಸಿದೆ. ಟೀಚರು ಕರೆಸಿ ಬೈದರು.

ನನ್ನ ಮೀಸೆ ನೆನಪಿದೆಯೇ ನಿಮಗೆ? ಗುಬ್ಬಿಯಿಂದ ಕುಣಿಗಲ್ ತನಕ ಹೆಸರಾದ ಮೀಸೆ! ಒಂದು ದಿನ ಕ್ಷೌರಕ್ಕೆ ಹೋಗುವಾಗ ಸಂಧ್ಯಾಳನ್ನೂ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕುಳಿತಿದ್ದಳು. ಮೀಸೆ ಟ್ರಿಮ್ ಮಾಡುತ್ತಿದ್ದ ರವೀಶ್, "ಇಷ್ಟು ಸಾಕಾ ಸಾರ್?" ಎಂದ. ಕನ್ನಡಿಯಲ್ಲಿ ನೋಡುತ್ತೇನೆ, ಮಗುವಿನ ಮುಖ ಬಿಳಿಚಿಕೊಂಡಿದೆ. "ಇಲ್ಲ ಇಲ್ಲ, ಸಾಲದು!" ಎಂದು ಗಾಬರಿಯಿಂದ ಕೂಗಿದೆ. ಅವನು ಇನ್ನಷ್ಟು ತೆಗೆದು ಮತ್ತೆ ಅದೇ ಪ್ರಶ್ನೆ ಕೇಳಿದ. ನಾನು ಮತ್ತೆ ಅದೇ ಉತ್ತರ ಕೊಟ್ಟೆ. ಎಷ್ಟೆಂದು ತೆಗೆದಾನು? ಮೀಸೆ ಪೂರ್ತಿ ಹೋಯಿತು. ಮಗುವಿನ ಮುಖ ಸರಿಹೋಯಿತು. ಮನೆಗೆ ಬಂದರೆ ದಾಕ್ಷಾಯಣಿ ಬಾಗಿಲಲ್ಲೇ "ಯಾರು ಬೇಕಾಗಿತ್ತು?" ಎಂದಳು.

ನಾಗೇಶ್ ಪಕ್ಕಕ್ಕೆ ಬಂದು ನಿಂತಿದ್ದಾನೆ. ನಿಂತುಕೋ ಮರಿ, ಕಾಲು ನೋಯಲಿ.

ಪಕ್ಕದ ಮನೆಯ ಜೈನಬ್ ಬೀ ಅವರೂ ಅವರ ಯಜಮಾನರು ಜಹೀರ್ ಅಹಮದ್ ಅವರೂ ಅಲ್ಲಿ ಕುಳಿತಿದ್ದಾರೆ. ಆ ರಂಜಾನ್ ಹಬ್ಬದ ದಿನ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ಹಾಲು ಶಾವಿಗೆಯ ಶೀರ್ ಖುರ್ಮಾ ಬಂತು. ಜಹೀರ್ ಸಾಹೇಬರು ನನ್ನ ಬಟ್ಟಲಿಗೆ ಸುರಿಯುತ್ತಲೇ ಇದ್ದಾರೆ. ನನಗೋ ಆ ಪದ ನಿಷಿದ್ಧ. ಆದರೆ ನಾನೇನು ಸಾಮಾನ್ಯನೇ? ಅವರ ಮನೆಯಲ್ಲಿ ಅವರದೇ ಮಾತು ಆಡಿದೆ. "ಬಸ್ ಸಾಹೇಬ್ರೇ, ಬಸ್! ಬಸ್!" ಎಂದು ಕೂಗಿದೆ.

ಸಂಧ್ಯಾ ಎದ್ದಳು. ಕೈ ತೊಳೆಯಲು ಹೋದಳೆಂದುಕೊಂಡೆವು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ, ನಮ್ಮ ಮನೆಯಿಂದ ನೀಲಿ ಬ್ಯಾಗು ತಂದು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಗೇಟಿನ ಹತ್ತಿರ ನಿಂತಿದ್ದಾಳೆ. "ಎಲ್ಲಿಗಮ್ಮಾ?" ಎಂದೆ. "ಬಸ್ ಬಂತಲ್ವಾ?" ಎಂದಳು. ಬಂದಾಗಿನಿಂದ ತಾನಾಗಿ ಒಂದು ಮಾತೂ ಆಡದಿದ್ದ ಮಗು ಆಡಿದ ಮೊದಲ ಮಾತು ಅದು. ಅಳಲಿಲ್ಲ, ಹಟ ಮಾಡಲಿಲ್ಲ. ಹೊರಡಲು ಸಿದ್ಧವಾಗಿ ನಿಂತಿತ್ತು.

ಜೈನಬ್ ಬೀ ಸಿಡಿದರು. ಮಗುವಿನ ಮೇಲಲ್ಲ, ನನ್ನ ಮೇಲೆ. "ಮದ್ವೆ ಮನೇಲೆಲ್ಲ ಮೈಕ್ ಹಾಕ್ಕೊಂಡು ಕೂಗ್ತೀರಲ್ಲ ಸಾರ್, ಒಂದ್ ಮಗೂಗೆ ನೀನೆಲ್ಲೂ ಹೋಗಲ್ಲ ಅಂತ ಬಾಯ್ಬಿಟ್ಟು ಹೇಳೋಕೆ ಬರಲ್ವಾ? ಪದ ಬಚ್ಚಿಟ್ಕೊಂಡು ಕೂತಿದೀರಾ!" ಆಮೇಲೆ ಬ್ಯಾಗು ಇಳಿಸಿ, "ಯಾವ್ ಬಸ್ಸೂ ಬಂದಿಲ್ಲ ಬೇಟಾ. ಹೊಟ್ಟೆ ತುಂಬಿದ್ರೆ ನಮ್ಮನೇಲಿ ಹಂಗಂತಾರೆ. ನೀನು ಎಲ್ಲಿಗಾದ್ರೂ ಹೋಗೋದಿದ್ರೆ ಮುಂಚೇನೇ ನಿಂಗೆ ಹೇಳ್ತಾರೆ, ಹೇಳ್ದೆ ಯಾರೂ ಕಳಿಸಲ್ಲ" ಎಂದು ಅವಳ ಕೈಗೆ ಸೌಟು ಕೊಟ್ಟರು. "ನೀನೇ ಬಡಿಸು. ಯಾರ್ ಯಾರು ಸಾಕು ಅಂತಾರೆ ನೋಡು. ಅಂದೋರು ಯಾರಾದ್ರೂ ಚಪ್ಲಿ ಹಾಕ್ಕೊಂಡು ಹೋಗ್ತಾರಾ ಅಂತಾನೂ ನೋಡು."

ಸಂಧ್ಯಾ ಬಡಿಸತೊಡಗಿದಳು. ಜಹೀರ್ ಸಾಹೇಬರು "ಸಾಕು ಸಾಕು" ಎಂದರು. ಮಗು ಅವರ ಪಾದವನ್ನೇ ನೋಡಿತು. ಪಾದ ಕದಲಲಿಲ್ಲ. ದಾಕ್ಷಾಯಣಿ ಸಾಕು ಎಂದಳು, ಕುಳಿತೇ ಇದ್ದಳು. ತಿಂಗಳುಗಟ್ಟಲೆ ಆ ಪದಕ್ಕೆ ಹಸಿದಿದ್ದ ನನ್ನ ಅತ್ತೆಯವರಂತೂ ಬಟ್ಟಲಿಗೆ ಏನೂ ಬೀಳುವ ಮುಂಚೆಯೇ "ಸಾಕು ಕಣವ್ವ! ಸಾಕು! ಅಯ್ಯಯ್ಯೋ ಸಾಕು!" ಎಂದು ಕಣ್ಣು ಮುಚ್ಚಿಕೊಂಡು ಸುಖಪಟ್ಟರು. ನಾನು ಸಾಕಮ್ಮ ಎಂದವನೇ, ಎದ್ದು ಹೋಗುವ ಪ್ರಶ್ನೆಯೇ ಇಲ್ಲ ಎಂದು ತೋರಿಸಲು ಚಕ್ಕಳಮಕ್ಕಳ ಬಿಗಿಯಾಗಿ ಹಾಕಿಕೊಂಡು ಕುಳಿತೆ. ಕಾಲು ಜೋಮು ಹಿಡಿದು ಆಮೇಲೆ ಇಬ್ಬರು ಎತ್ತಬೇಕಾಯಿತು. ಅವತ್ತು ಸಂಧ್ಯಾ ನಕ್ಕಳು.

ಕೆಲವು ದಿನಗಳಾದ ಮೇಲೆ ನಾನು ಕನ್ನಡಿಯ ಮುಂದೆ ರಾಜ್ಯೋತ್ಸವದ ನಿರೂಪಣೆ ಅಭ್ಯಾಸ ಮಾಡುತ್ತಿದ್ದೆ. ಹಿಂದಿನಿಂದ ಧ್ವನಿ ಬಂತು. "ಸಾಕು ಸುಮ್ನಿರಪ್ಪ, ಲೆಕ್ಕ ತಪ್ಪೋಯ್ತು!" ಸಭಿಕರೇ, ಜೀವನದಲ್ಲಿ ಎಷ್ಟೋ ಜನ ನನಗೆ ಸಾಕು ಎಂದಿದ್ದಾರೆ. ಅಧ್ಯಕ್ಷರೂ ಅಂದಿದ್ದಾರೆ. ಯಾರ ಬಾಯಿಯಿಂದಲೂ ಅದು ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ. "ದಾಕ್ಷಾ, ಅಪ್ಪ ಅಂದ್ಳು ಕಣೇ!" ಎಂದು ಅಡುಗೆಮನೆಗೆ ಓಡಿದೆ. "ಅದು ಆ ಅಪ್ಪ ಅಲ್ಲ ಕಣ್ರೀ. ಆಟೋದವ್ನಿಗೂ ಸುಮ್ನಿರಪ್ಪ ಅಂತೀವಿ, ಕಾಯಿ ಮಾರೋನಿಗೂ ಅಂತೀವಿ" ಎಂದಳು. ಎರಡು ದಿನ ನಮ್ಮಿಬ್ಬರ ನಡುವೆ ವ್ಯಾಕರಣದ ಜಗಳ ನಡೆಯಿತು. ಮೂರನೆಯ ದಿನ ಮಗು ಅವಳಿಗೆ "ತಲೆ ಬಾಚಮ್ಮ" ಎಂದಿತು. ತಕ್ಷಣ ದಾಕ್ಷಾಯಣಿ ನನ್ನ ವ್ಯಾಕರಣವನ್ನು ಒಪ್ಪಿಕೊಂಡಳು.

ಇಷ್ಟರಲ್ಲಿ ಪ್ರಮೀಳಾ ಬಂದಳು. ಸಂಧ್ಯಾಳ ತಾಯಿಯ ತಂಗಿ. ಅಕ್ಕ ತೀರಿಕೊಂಡಾಗ ಇವಳಿನ್ನೂ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗಿ. ಈಗ ಕುಣಿಗಲ್ ಹತ್ತಿರ ಫ್ಯಾಕ್ಟರಿ ಕೆಲಸ, ಕೊತ್ತಗೆರೆಯಲ್ಲಿ ಬಾಡಿಗೆ ಮನೆ. ಭಾನುವಾರ ಭಾನುವಾರ ಮಗುವನ್ನು ನೋಡಲು ಬರತೊಡಗಿದಳು. ನಾನು ಆದರದಿಂದಲೇ ಬರಮಾಡಿಕೊಂಡೆ. ಕಾಫಿಗೆ ಸಕ್ಕರೆ ಹಾಕುವುದು ಮರೆತದ್ದು ಆಕಸ್ಮಿಕ. "ಮುದ್ದೆ ತಿರುವೋಕೆ ಬರುತ್ತೇನಮ್ಮ? ಮಗೂಗೆ ಜ್ವರ ಬಂದ್ರೆ ಏನ್ಮಾಡ್ತೀಯಮ್ಮ?" ಎಂದು ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಕೇಳಿದೆ. ಹುಡುಗಿ ಸೀದಾ ಅಡುಗೆಮನೆಗೆ ಹೋಗಿ ಮುದ್ದೆ ತಿರುವಿ ತಂದಿಟ್ಟಳು. "ಸ್ವಲ್ಪ ಗಂಟಿದೆ" ಎಂದಳು ದಾಕ್ಷಾಯಣಿ. ಗಂಟಿರಲಿಲ್ಲ. ಬೆಣ್ಣೆಯ ಹಾಗಿತ್ತು.

ಅದು ಹೋಗಲಿ. ಪ್ರಮೀಳಾ "ಸಂಧ್ಯೋ" ಎಂದು ಕೂಗಿದರೆ ಮಗು ಎಲ್ಲಿದ್ದರೂ ಓಡಿ ಬರುತ್ತಿತ್ತು. "ನಮ್ಮಮ್ಮನ ಥರಾನೇ ಕೂಗ್ತಾಳೆ" ಎಂದಿತು ಒಂದು ದಿನ. ನನ್ನ ಧ್ವನಿಗೆ ಮೂರು ತಾಲ್ಲೂಕಿನಲ್ಲಿ ಹೆಸರಿದೆ. ಆದರೆ ಆ ಕೂಗು ಕೂಗಲು ನನಗೆ ಬರುವುದಿಲ್ಲ.

ಮಕ್ಕಳ ಕಲ್ಯಾಣ ಸಮಿತಿಯವರು ಸಂಧ್ಯಾಳನ್ನೇ ಕೇಳಿದರು. "ಚಿಕ್ಕಮ್ಮನ ಮನೆಗೆ ಹೋಗ್ತೀಯಾ ಪುಟ್ಟಿ?" ಹೂಂ ಎಂದಳಂತೆ. ನಾಳೆಯೇ ಹೋಗಬಹುದು ಎಂದರಂತೆ. ಅದಕ್ಕೆ ಏನಂದಳು ಗೊತ್ತೇ? ಒಳಗಿದ್ದ ಸುಧಾ ಮೇಡಂ ಹೇಳಿದ್ದು ಇದು. "ನಾಳೆ ಬೇಡ. ಅಪ್ಪಂಗೂ ಅಮ್ಮಂಗೂ ಮುಂಚೇನೇ ಹೇಳ್ಬೇಕು. ಹೇಳ್ದೆ ಹೋದ್ರೆ ಅವ್ರಿಗೆ ಭಯ ಆಗುತ್ತೆ." ಮನೆಗೆ ಬಂದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ನಾನು ಪರೀಕ್ಷೆ ಮುಗಿದ್ಮೇಲೆ ಹೋಗ್ತೀನಿ, ಈಗ್ಲೇ ಹೇಳ್ತಾ ಇದೀನಿ" ಎಂದಳು. ನಾವು ಹೂಂ ಎಂದೆವು. ಆಮೇಲೆ ಮೂರು ಜನವೂ ಉಪ್ಪಿಟ್ಟು ತಿಂದೆವು. ಮಗುವಿನ ಯೋಗಕ್ಷೇಮದ ಬಗ್ಗೆ ಇದಕ್ಕಿಂತ ಹೆಚ್ಚಿನ ಪಾಠ ನನಗೆ ಗೊತ್ತಿಲ್ಲ ಮೇಡಂ. ನಾವು ಕಲಿಸಿದ್ದಲ್ಲ, ಅವಳೇ ನಮಗೆ ಮಾಡಿ ತೋರಿಸಿದ್ದು.

ನಾಗೇಶ್ ಮೈಕಿಗೆ ಕೈ ಹಾಕಿದ್ದಾನೆ. ಒಂದೇ ನಿಮಿಷ ತಡೆಯೋ, ನಿನ್ನ ಕಾಲು ಹಿಡೀತೀನಿ. ಪ್ರಮೀಳಾಗೆ ಒಂದೆರಡು ವಿಷಯ ಹೇಳಬೇಕು, ಮನೆಯಲ್ಲಿ ಹೇಳಲು ನನಗೆ ಬರುವುದಿಲ್ಲ. ಮೈಕಿನ ಮುಂದೆ ಬರುತ್ತದೆ, ಅಭ್ಯಾಸ. ನೋಡಮ್ಮ, ಅವಳಿಗೆ ಏನು ಬೇಕು ಎಂದು ಕೇಳಿದರೆ ಏನೂ ಬೇಡ ಎನ್ನುತ್ತಾಳೆ. ಎರಡು ತೋರಿಸಿ ಯಾವುದು ಎಂದು ಕೇಳು, ತಟ್ಟನೆ ಹೇಳುತ್ತಾಳೆ. ಒಗ್ಗರಣೆಯ ಕರಿಬೇವು ಆಯ್ದಿಟ್ಟರೆ ಬೈಯಬೇಡ. ಬಸ್ಸಿನಲ್ಲಿ ಕುಳಿತು ಅಂಗಡಿಗಳ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ, ಜನ ತಿರುಗಿ ನೋಡುತ್ತಾರೆ, ನೋಡಲಿ, ಓದಲಿ ಬಿಡು, ಅದು ನನ್ನಿಂದ ಹತ್ತಿದ ಚಾಳಿ. ಆ ನೀಲಿ ಬ್ಯಾಗನ್ನು ಮಾತ್ರ ಬಾಗಿಲ ಹತ್ತಿರ ನೇತುಹಾಕಬೇಡ. ನಿನಗೆ ಜ್ವರ ಬಂದರೆ, ಡ್ಯೂಟಿ ತಡವಾದರೆ ಫೋನು ಮಾಡು. ನಾವು ಬರುತ್ತೇವೆ. ಏನೂ ಆಗದಿದ್ದರೂ ಬರುತ್ತೇವೆ.

ಇನ್ನು ವಂದನಾರ್ಪಣೆ. ಅಧ್ಯಕ್ಷರಿಗೆ ಧನ್ಯವಾದ, ಹಸಿವಿನಲ್ಲೂ ನಿದ್ದೆ ಮಾಡದಿದ್ದದ್ದಕ್ಕೆ. ಸುಧಾ ಮೇಡಂಗೆ, ಜೈನಬ್ ಬೀ ಅವರ ಬೈಗುಳಕ್ಕೆ, ನನ್ನ ಅತ್ತೆಗೆ ಧನ್ಯವಾದ. ಅಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕೇಳಿದರೆ ಧೂಳು ಬಿತ್ತು ಎನ್ನುವ ದಾಕ್ಷಾಯಣಿಗೆ, ಅಂದು ಕೊನೆಯ ಸಾಲಿನಲ್ಲಿ ಕೈ ಎತ್ತಿದ್ದಕ್ಕೆ ಧನ್ಯವಾದ.

ಕೊನೆಯದಾಗಿ ಪ್ರಮೀಳಾ, ನಿನಗೆ. ಬಂದ ದಿನದಿಂದ ನೀನು "ತಡ ಮಾಡ್ಬಿಟ್ಟೆ ಸಾರ್, ಅಕ್ಕನ ಮಗೂನ ಬೇಗ ಬಂದು ಕರ್ಕೊಂಡ್ ಹೋಗ್ಬೇಕಿತ್ತು, ತಪ್ಪಾಯ್ತು" ಎಂದು ನಮ್ಮ ಮುಂದೆ ಕಣ್ಣೀರಿಡುತ್ತಲೇ ಇದ್ದೀಯೆ. ಅಳಬೇಡ ತಾಯಿ. ನೀನು ಬೇಗ ಬಂದಿದ್ದರೆ ಈ ಮಗು ನಮ್ಮ ಮನೆಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ನೀನು ತಡ ಮಾಡಿದ್ದಕ್ಕೆ ನಮ್ಮಿಬ್ಬರ ಧನ್ಯವಾದಗಳು.

ನಮಸ್ಕಾರ.